ಅಕ್ಕಿಯಲ್ಲಿ ಬರೆದ ಹೆಸರು

ಆ ದಿನ ನೀರಿನ ಸರದಿ. ಖಾಸಬಾಗದ ನಮ್ಮ ಓಣಿಗೆ ನಳ ಬರುವ ದಿನ ಹೆಂಗಸರಿಗೆ ಗಂಡಸರಿಗಿಂತ ಮೊದಲೇ ಬೆಳಗಾಗಿಬಿಡುತ್ತದೆ. ನಳ ಮೊದಲು ಉಸ್ಸೆಂದು ಗಾಳಿ ಬಿಡುತ್ತದೆ, ಆಮೇಲೆ ಎರಡು ಸಲ ಕೆಮ್ಮುತ್ತದೆ, ಆಮೇಲೆ ನೀರು. ನಾನು ಕೊಡ, ಬಕೆಟ್ಟು, ಹಂಡೆ ತುಂಬಿಸಿದೆ. ಹಾಲು ಒಲೆಯ ಮೇಲಿಟ್ಟೆ. ನಮ್ಮವರ ಡಬ್ಬಿಗೆ ರೊಟ್ಟಿ ಬಡಿಯಲೆಂದು ಜೋಳದ ಹಿಟ್ಟು ಕಲಸಿದೆ. ಅಷ್ಟರಲ್ಲಿ ಹಿತ್ತಲ ಗೋಡೆಯಾಚೆ ನೀರು ಕಲ್ಲಿನ ಮೇಲೆ ಚೆಲ್ಲುವ ಸಪ್ಪಳ ಕೇಳಿಸಿತು. ಕೊಡ ತುಂಬಿದ ಮೇಲೂ ನಳ ಹರಿಯುತ್ತಲೇ ಇತ್ತು. ಬಾಜೂ ಮನೆಯವರು ನೀರು ಚೆಲ್ಲುವ ಜನ ಅಲ್ಲ.

ಹಿಟ್ಟಿನ ಕೈಯಲ್ಲೇ ಗೋಡೆಯ ಮೇಲಿಂದ ಇಣುಕಿದೆ. ಆ ಮನೆಯ ಹಿರಿಯಾಕೆ, ನಾವೆಲ್ಲ ಕಾಕೂ ಅನ್ನುವವರು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದರು. ಸೀರೆಯ ಅಂಚು ನೀರಿನಲ್ಲಿ ತೇಲುತ್ತಿತ್ತು.

"ಕಾಕೂ, ನಳಾ…" ಎಂದೆ.

"ಹೋದ್ಳವ್ವಾ," ಎಂದರು. "ದವಾಖಾನಿಯಿಂದ ಈಗ ಫೋನ್ ಬಂತು."

ನಾನು ಗೋಡೆ ಸುತ್ತಿ ಹೋಗಿ ಮೊದಲು ನಳ ಬಂದ್ ಮಾಡಿದೆ. ಮಾಡಲು ಬೇರೇನೂ ತೋಚಲಿಲ್ಲ. ನಳದ ತಿರುಪಿನ ಮೇಲೆ ನನ್ನ ಬೆರಳಿನ ಹಿಟ್ಟು ಅಂಟಿ ಉಳಿಯಿತು.

ಹೋದವಳು ಕಾಕೂ ಅವರ ಸೊಸೆ. ಖಾನಾಪುರದಿಂದ ಮದುವೆಯಾಗಿ ಬಂದವಳು. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳಿಗೆ ಎರಡು ಹೆಸರಿದ್ದವು. ಒಂದು ಅವಳಿಗೆ ಬೇಕಾಗಿರಲಿಲ್ಲ. ಇನ್ನೊಂದನ್ನು ಎಲ್ಲಿ ಬರೆಯಬೇಕೆಂದು ಅವಳೇ ಹೇಳಿ ಹೋಗಿದ್ದಳು. ಇಲ್ಲಿ ಸುಮ್ಮನೆ ತಂಗಿ ಅನ್ನುತ್ತೇನೆ. ನಾನು ಕರೆಯುತ್ತಿದ್ದದ್ದೂ ಹಾಗೆಯೇ. ಅವಳು ನನಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದಳು.

ಬಂದ ಹೊಸದರಲ್ಲಿ ಅವಳ ಬಗ್ಗೆ ಓಣಿಯಲ್ಲಿ ಒಂದೇ ಮಾತು: ಹುಡುಗಿಗೆ ಸ್ವಲ್ಪ ಕಿವಿ ಮಂದ. ಒಳಗಿನಿಂದ ಕಾಕೂ ಕೂಗಿದರೆ ಅವಳು ಒಂದು ಕ್ಷಣ ತಡೆದು "ಆಂ, ಬಂದ್ನ್ರಿ" ಅನ್ನುತ್ತಿದ್ದಳು. ಎದುರು ಮನೆಯ ಮಾವಶಿಗಂತೂ ಎದುರಿನವರ ಊನ ಹುಡುಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸಲೀಸು. "ಕಲಿತ ಹುಡುಗಿ ಅಂತ ತಂದ್ರು, ಕಿವಿ ನೋಡಲಾರದ ತಂದ್ರು" ಎಂದು ನನ್ನ ಮುಂದೆ ಅಂದಿದ್ದಳು. ನಾನು ಗಮನಿಸಿದ್ದು ಬೇರೆ. ತನ್ನ ಬೆನ್ನ ಹಿಂದೆ ಚಮಚ ಬಿದ್ದರೂ ಹುಡುಗಿ ತಟ್ಟನೆ ತಿರುಗುತ್ತಿದ್ದಳು. ತನ್ನ ಹೆಸರಿಗೆ ಮಾತ್ರ ತಡವಾಗುತ್ತಿತ್ತು.

ಮದುವೆಗೆ ಮೊದಲು ಅವಳು ಖಾನಾಪುರದಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ಮದುವೆಯ ನಂತರ ದಿನಾ ಅಷ್ಟು ದೂರ ಓಡಾಡುವುದು ಬೇಡ ಎಂದಾಯಿತು. ಚಿಕ್ಕಂದಿನ ಜ್ವರದಿಂದ ಅವಳ ಹೃದಯದ ಕವಾಟ ಒಂದು ಸರಿಯಿರಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಹಾಗಾಗಿ ಬೇಡವೆಂದದ್ದು ಕಾಳಜಿಯಿಂದಲೂ ಇರಬಹುದು. ನಮ್ಮ ಮನೆಗೆ ಬರಲಾದರೆ ಮೆಟ್ಟಿಲು ಹತ್ತಬೇಕಿರಲಿಲ್ಲ.

ನಮ್ಮಲ್ಲೊಂದು ಕಂಪ್ಯೂಟರು ಇತ್ತು. ನಾನು ಅದರಲ್ಲಿ ಇಸ್ಪೀಟು ಆಡುತ್ತಿದ್ದೆ, ಆಡಿದ ಮೇಲೆ ಅದರ ಮೇಲೆ ನನ್ನ ಕ್ರೋಶಾ ಹೆಣಿಗೆಯ ಹೊದಿಕೆ ಹೊದಿಸುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಕ್ರೋಶಾ; ನಮ್ಮ ಮನೆಯಲ್ಲಿ ಫೋನಿಗೂ ರೇಡಿಯೋಕ್ಕೂ ಅಂಗಿ ಇತ್ತು. ಮೊದಲ ಸಲ ಬಂದವಳೇ ಆ ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿದಳು.

"ವೈನಿ, ಈತಗ ಉಸಿರು ಕಟ್ಟತೈತ್ರಿ."

ಕಂಪ್ಯೂಟರನ್ನು ಅವಳು ಈತ ಅನ್ನುತ್ತಿದ್ದಳು. ಶುರುಮಾಡುವ ಮುಂಚೆ ಅದರ ತಲೆಯ ಮೇಲೆ ಎರಡು ಬೆರಳಿನಿಂದ ಮೆಲ್ಲಗೆ ತಟ್ಟುವುದು ಅವಳ ಚಾಳಿ, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ. ಎಡಗೈಯ ಮುಷ್ಟಿಯಲ್ಲಿ ಚುರುಮುರಿ ಹಿಡಿದು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ ಬಲಗೈಯಿಂದ ಕೆಲಸ ಮಾಡುತ್ತಿದ್ದಳು. ಒಂದು ಕಾಳೂ ಕೀಲಿಮಣೆಯ ಸಂದಿಗೆ ಬಿದ್ದದ್ದನ್ನು ನಾನು ನೋಡಲಿಲ್ಲ.

ನಾನು ಡೈರಿಯ ಹಾಳೆಗಳಲ್ಲಿ ಏನೇನೋ ಗೀಚುತ್ತಿದ್ದೆ. ಮಗ್ಗದ ಸದ್ದು ನಿಂತ ಮಧ್ಯಾಹ್ನ ಓಣಿ ಹೇಗೆ ಕೇಳಿಸುತ್ತದೆ, ಕುಂದಾ ಕೆಂಪಗಾಗುವ ಗಳಿಗೆಯಲ್ಲಿ ಅಡುಗೆಮನೆಯ ವಾಸನೆ ಹೇಗೆ ಬದಲಾಗುತ್ತದೆ, ಅಂಥವು. ಅವಳು ಓದಿದಳು. "ಇದನ್ನ ಮಂದಿ ಓದಬೇಕ್ರಿ" ಎಂದಳು. ಆಗ ತಾನೆ ಬ್ಲಾಗು ಎಂಬ ಮಾತು ಕಿವಿಗೆ ಬೀಳುತ್ತಿದ್ದ ಕಾಲ. ಕನ್ನಡದ ಅಕ್ಷರ ಒಂದು ಕಂಪ್ಯೂಟರಿನಲ್ಲಿ ಸರಿ ಕಂಡರೆ ಇನ್ನೊಂದರಲ್ಲಿ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿತ್ತು. ಇಂಟರ್ನೆಟ್ ಹಚ್ಚಿದರೆ ಫೋನು ಬಂದ್. ಆದರೂ ಅವಳು ಒಂದು ವೆಬ್‌ಸೈಟು ಕಟ್ಟಲು ಹೊರಟಳು, ನನ್ನೊಬ್ಬಳಿಗಲ್ಲ, ಓಣಿಯ ಯಾವ ಹೆಂಗಸಾದರೂ ಬಂದು ತನ್ನದೇ ಜಾಗದಲ್ಲಿ ಬರೆಯುವಂಥದ್ದು. ಮನೆಯ ಮುಂದಿನ ಕಟ್ಟೆಯ ಮೇಲೆ ಸಂಜೆ ನಾವೆಲ್ಲ ಕೂರುತ್ತಿದ್ದೆವಲ್ಲ, ಅದಕ್ಕೇ 'ಕಟ್ಟಿ' ಎಂದು ಹೆಸರಿಟ್ಟಳು.

ಬ್ಲಾಗು ನಡೆಸುವ ಸಾಫ್ಟ್‌ವೇರನ್ನು ಪೇಟೆಯ ಸೈಬರ್ ಕೆಫೆಯಲ್ಲಿ ಇಳಿಸಿಕೊಂಡು ಸೀಡಿಯಲ್ಲಿ ತಂದಳು. ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದಂತೆ. ಅದರ ಬಿಳಿ ಪುಟ ನೋಡಿದ್ದೇ ನನಗೆ ಕೈ ಕಡಿಯಿತು: ಹಳದಿ ಹಚ್ಚೋಣ, ಅಂಚಿಗೆ ಬಳ್ಳಿ ಹಾಕೋಣ. ಅವಳು ನನ್ನ ಮಣಿಕಟ್ಟು ಹಿಡಿದಳು.

"ತಡೀರಿ. ಮೊದಲ ಹೆಂಗ ಬಂದೈತೋ ಹಂಗ ಒಳಗ ಇಡೂಣು. ನಾವು ಕೈ ಹಚ್ಚೂಕಿಂತ ಮುಂಚೆ ಅದು ಹೆಂಗಿತ್ತು ಅನ್ನೂದು ಗೊತ್ತಿರಬೇಕಲ್ರಿ."

ಒಳಗೆ ಇಡುವುದೆಂದರೆ ಏನೆಂದು ಆ ದಿನ ಕಲಿತೆ. ವರ್ಷನ್ ಕಂಟ್ರೋಲ್ ಎಂದು ಅದರ ಹೆಸರು. ಸೈಟಿನ ಎಲ್ಲ ಫೈಲುಗಳ ಒಂದು ಮೂಲ ಒಂದು ಕಡೆ ಭದ್ರವಾಗಿರುತ್ತದೆ. ನಾವು ಅದರ ನಕಲನ್ನು ಹೊರತೆಗೆದು ಕೆಲಸ ಮಾಡಬೇಕು, ಮಾಡಿದ ಮೇಲೆ ಒಪ್ಪಿಸಬೇಕು. ಒಪ್ಪಿಸುವಾಗ ಅದು ಯಾರು ಎಂದು ಹೆಸರು ಬರೆದುಕೊಳ್ಳುತ್ತದೆ, ಏನು ಮಾಡಿದಿರಿ ಎಂದು ಕೇಳುತ್ತದೆ. ನಾವು ಎಷ್ಟೇ ತಿದ್ದಿದರೂ ಹಿಂದಿನದು ಹೋಗುವುದಿಲ್ಲ.

"ಅಳಿಸಿದ್ದೂ ಇರತೈತೇನು?" ಎಂದೆ.

"ಅಳಿಸಿದ್ದು ಎಲ್ಲಿಗೂ ಹೋಗೂದಿಲ್ರಿ ವೈನಿ. ಹಿಂದಕ ಕುಂತಿರತೈತಿ. ಕರದ್ರ ಬರತೈತಿ."

ಎಲ್ಲ ಫೈಲುಗಳನ್ನೂ ಒಳಗಿಟ್ಟಳು, ಒಂದನ್ನು ಬಿಟ್ಟು. ಅದರಲ್ಲಿ ಪಾಸ್‌ವರ್ಡ್ ಇತ್ತು. "ಮನಿ ಕೀಲಿ ಫೋಟೋ ಅಲ್ಬಮ್ಮಿಗೆ ಅಂಟಸ್ತಾರೇನ್ರಿ? ಅಲ್ಬಮ್ ಬಂದವರೆಲ್ಲಾ ತಿರುವಿ ಹಾಕತಾರ" ಎಂದಳು. ಇನ್ನೊಂದು ಮಾತನ್ನೂ ಆಗಲೇ ಹೇಳಿದಳು. ನಾವು ಬರೆದ ಲೇಖನಗಳು ಈ ಫೈಲುಗಳಲ್ಲಿ ಇರುವುದಿಲ್ಲವಂತೆ. ಅವು ಡೇಟಾಬೇಸ್ ಎಂಬ ಬೇರೆ ಜಾಗದಲ್ಲಿ. "ಇದು ಮನಿ ಕಾಯತೈತ್ರಿ, ಮನ್ಯಾಗಿನ ಮಂದೀನ್ನ ಕಾಯೂದಿಲ್ಲ. ಮಂದೀನ್ನ ನಾವ ನೆನಪಿಟ್ಟು ಕಾಯಬೇಕು." ಅದಕ್ಕಾಗಿ ಶನಿವಾರಕ್ಕೊಮ್ಮೆ ಲೇಖನಗಳನ್ನೆಲ್ಲ ಒಂದೇ ಉದ್ದನೆಯ ಬರಹವಾಗಿ ಹೊರತೆಗೆದು, ಅದನ್ನೂ ಒಳಗೆ ಸೇರಿಸುತ್ತಿದ್ದಳು. ಅವಳಿಗೆ ಆ ಕೆಲಸ ಶನಿವಾರದ ಮಾರುತಿ ಗುಡಿಯಷ್ಟೇ ಖಾಯಂ.

ಮೊದಲ ಸಲ ಒಪ್ಪಿಸುವಾಗ ಅದು ಯಾರು ಎಂದು ಕೇಳಿತು. ತಂಗಿ ಒಂದು ಹೆಸರು ಹೊಡೆದಳು. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ.

"ಇದ್ಯಾರು?"

"ನಾನ ರೀ," ಎಂದಳು. ಚುರುಮುರಿಯ ಕೈ ಹಾಗೇ ನಿಂತಿತ್ತು. "ಕೈ ಹಚ್ಚೂಕಿಂತ ಮುಂಚಿನಾಕಿ."

ಆ ದಿನ ತನ್ನ ಮದುವೆಯ ಕತೆ ಹೇಳಿದಳು. ಅವರಲ್ಲಿ ಮದುಮಗಳಿಗೆ ಹೊಸ ಹೆಸರು ಇಡುವ ಪದ್ಧತಿ. ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ಉಂಗುರದಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಗುರುಗಳು ಹೆಸರಿನ ಮೊದಲ ಅಕ್ಷರ ಹೇಳಿದ್ದರು, ಮನೆಯ ಹಿರಿಯರು ಹೆಸರು ಆರಿಸಿದ್ದರು. ಸುತ್ತಲಿನವರು ಓದಿ ಚಪ್ಪಾಳೆ ಹೊಡೆದರು, ಪೇಡೆ ಹಂಚಿದರು. ಅವಳು ಕುಳಿತಲ್ಲಿಂದ ಅಕ್ಷರ ತಲೆಕೆಳಗಾಗಿ ಕಾಣುತ್ತಿತ್ತಂತೆ. ಪಕ್ಕದವರನ್ನು ಕೇಳಿದಳಂತೆ, "ಏನಂತ ಬರದಾರ್ರೀ?"

"ಆ ಅಕ್ಕಿ ಮರುದಿನ ಅನ್ನ ಆತ್ರಿ ವೈನಿ," ಎಂದು ನಕ್ಕಳು. "ಹೆಸರು ಮಾತ್ರ ನನಗ ಉಳೀತು."

ನಮ್ಮ ಕಾನ್ವೆಂಟಿನ ಸಿಸ್ಟರುಗಳೂ ಹೆಸರು ಬದಲಿಸಿಕೊಂಡವರೇ. ಅದನ್ನು ಹೇಳಿ ಸಮಾಧಾನ ಮಾಡಲು ಹೋದೆ. "ಅವರು ತಾವ ಆರಿಸಿಕೊಂಡಿರತಾರಲ್ರಿ" ಎಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ನನಗೆ ಯಾರೂ ಹೆಸರು ಬದಲಿಸಿರಲಿಲ್ಲ. ಹೀಗಾಗಿ ಅವಳು ಎಲ್ಲಿ ನೋಯುತ್ತಾಳೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಗಂಡ ಒಳ್ಳೆಯವನು, ಸೊಸೈಟಿಯಲ್ಲಿ ಕೆಲಸ, ಸಂಜೆ ಅವಳಿಗಾಗಿ ಮಲ್ಲಿಗೆ ಕಟ್ಟಿಸಿಕೊಂಡು ಬರುವವನು. ಅವನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. "ಏ, ಕೇಳಿಲ್ಲಿ" ಅನ್ನುತ್ತಿದ್ದ.

ಬದಲಾವಣೆ ಒಪ್ಪಿಸುವಾಗಲೆಲ್ಲ ಒಂದು ಸಾಲು ಬರೆಯಬೇಕಿತ್ತು. "ಏನ ಮಾಡಿದ್ರಿ, ಯಾಕ ಮಾಡಿದ್ರಿ, ಎರಡ ಮಾತು. ಖಾಲಿ ಬಿಡಬ್ಯಾಡ್ರಿ, ಆರು ತಿಂಗಳ ಮ್ಯಾಲೆ ನಿಮಗ ನೀವ ಪರಕೀಯರಾಗಿರತೀರಿ" ಅನ್ನುತ್ತಿದ್ದಳು. ಅದಕ್ಕೆ ಕನ್ನಡ ಲಿಪಿ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ ಬರೆಯುತ್ತಿದ್ದಳು. ಹಳದಿ ತೆಗೆದೆ, ಮದುವೆ ಪೆಂಡಾಲ್ ಕಂಡಂಗ ಕಾಣತಿತ್ತು. ಅಕ್ಷರ ದೊಡ್ಡದು ಮಾಡಿದೆ, ಕಾಕೂಗ ಕನ್ನಡಕ ಇಲ್ಲ. ಒಂದು ಕಡೆ, ಏನೂ ಬದಲಿಸದೆಯೇ ಒಂದು ಖಾಲಿ ಸಾಲು ಕೂಡಿಸಿ, ಮರಾಠಿಯಲ್ಲಿ: ಆಜ್ ವಹಿನಿ ಖೂಪ್ ಹಸಲ್ಯಾ. ಇವತ್ತು ವೈನಿ ಬಹಳ ನಕ್ಕರು.

ಅದು ಖಂಡೇ ಪೂಜೆಯ ಮರುದಿನ. ನಮ್ಮಲ್ಲಿ ಆ ಹಬ್ಬಕ್ಕೆ ಸೈಕಲ್ಲಿನಿಂದ ಹಿಡಿದು ಈಳಿಗೆಯವರೆಗೆ ಎಲ್ಲ ತೊಳೆದು ಕುಂಕುಮ ಹಚ್ಚುತ್ತೇವೆ. ನಮ್ಮವರು ಕಂಪ್ಯೂಟರನ್ನೂ ಒರೆಸಿದರು, ಮಾನಿಟರಿಗೆ ಚೆಂಡುಹೂವಿನ ಸರ ಹಾಕಿದರು. ಅಷ್ಟಕ್ಕೆ ನಿಲ್ಲದೆ ಅದರ ಒಳಗೂ ಸ್ವಚ್ಛ ಮಾಡುತ್ತೇನೆಂದು ಕುಳಿತರು. 'ಕಟ್ಟಿ'ಯ ಪ್ರತಿಯೊಂದು ಫೋಲ್ಡರಿನಲ್ಲೂ ಒಂದೇ ಹೆಸರಿನ ಒಂದು ಪುಟ್ಟ ಫೋಲ್ಡರು ಇತ್ತು. ಅದು ವರ್ಷನ್ ಕಂಟ್ರೋಲಿನ ಗುರುತು, ಯಾವ ಫೈಲು ಎಲ್ಲಿಂದ ಬಂತೆಂದು ನೆನಪಿಡುವಂಥದ್ದು. "ಒಂದ ಡಬ್ಬಿ ಎಲ್ಲಾ ಖೋಲ್ಯಾಗೂ ಯಾಕ ಬೇಕು?" ಎಂದು ನಮ್ಮವರು ಒಂದೊಂದಾಗಿ ಎಲ್ಲ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಊದುಬತ್ತಿ ಬೆಳಗಿದರು.

ಮರುದಿನ ತಂಗಿ ಬಂದು ನೋಡಿ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ನಮ್ಮವರು ಬಾಗಿಲಲ್ಲಿ ನಿಂತು, "ಏನಾರ ತಪ್ಪಾತೇನವಾ?" ಎಂದರು, ತಪ್ಪು ಮಾಡಿದ ದನಿಯಲ್ಲಿ.

"ಏನಿಲ್ರಿ ಅಣ್ಣಾರ. ಹಬ್ಬಕ್ಕ ಮನಿ ಬೆಳಗಿದ್ರಿ. ಅದರ ಕೂಡ ಮನ್ಯಾವರ ಗುರುತೂ ಒರಿಸಿಬಿಟ್ರಿ." ಆಮೇಲೆ ತಡೆಯಲಾರದೆ ನಕ್ಕಳು. ನಾನೂ ನಕ್ಕೆ, ನಮ್ಮವರು ಗೊಣಗುತ್ತ ಸೈಕಲ್ಲು ಹತ್ತಿ ಹೋದರು, ಅದರ ಹ್ಯಾಂಡಲ್ಲಿನಲ್ಲೂ ಚೆಂಡುಹೂವು. ಅವಳು ಮೂಲದಿಂದ ಹೊಸ ನಕಲು ತೆಗೆದು ಕೂಡಿಸಿದಳು. ಚಹಾ ಕುದಿಯುವಷ್ಟರಲ್ಲಿ 'ಕಟ್ಟಿ' ಮೊದಲಿನಂತೆ ಎದ್ದು ಕುಳಿತಿತ್ತು. "ಒಡೀರಿ ವೈನಿ, ಹೆದರಬ್ಯಾಡ್ರಿ, ಮತ್ತ ಕೂಡಸ್ತೀನಿ" ಎನ್ನುವುದು ಅವಳ ಖಾಯಂ ಮಾತು. ಎಲ್ಲವನ್ನೂ ಮತ್ತೆ ಕೂಡಿಸಬಹುದೆಂದು ಆಗ ನಾನು ನಂಬಿಯೂ ಬಿಟ್ಟಿದ್ದೆ.

ಒಂದು ಸಲ ಅವಳ ಜೊತೆ ಖಾನಾಪುರಕ್ಕೆ ಹೋಗಿದ್ದೆ, ಪ್ಯಾಸೆಂಜರ್ ಗಾಡಿಯಲ್ಲಿ. ಬೆಳಗಾವಿ ಬಿಡುವಾಗ ಕಿಟಕಿಗೆ ಒರಗಿ ಕುಳಿತವಳು ದೇಸೂರ ಸ್ಟೇಶನ್ನು ದಾಟುತ್ತಲೇ ನೆಟ್ಟಗಾದಳು, ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು. ಇಳಿದ ಮೇಲೆ ನಾನು ನೋಡಿದ್ದನ್ನು ಮರೆಯಲಾರೆ. ಬಟಾಟೆವಡೆ ಕರಿಯುತ್ತಿದ್ದವನು ಕರೆದ. ಹಳೆಯ ಕ್ಲಾಸಿನ ಹುಡುಗಿಯರು ರಸ್ತೆಯ ಆಚೆಯಿಂದ ಕರೆದರು. ಮುದುಕಿಯೊಬ್ಬಳು ಮಾಳಿಗೆಯ ಕಿಟಕಿಯಿಂದ ಕರೆದಳು. ಎಲ್ಲರೂ ಅದೇ ಹಳೆಯ ಹೆಸರಿನಿಂದ. ಕರೆದದ್ದು ಮುಗಿಯುವ ಮೊದಲೇ ಅವಳು ತಿರುಗಿರುತ್ತಿದ್ದಳು. ಕಿವಿ ಮಂದ ಎಂದಿದ್ದ ಮಾವಶಿಯನ್ನು ಅಲ್ಲಿ ಕರೆತಂದು ನಿಲ್ಲಿಸಬೇಕಿತ್ತು.

ಅವಳ ಅವ್ವ ಭಾಕರಿ ಬಡಿಯುತ್ತ ಕುಳಿತಿದ್ದರು. ನನ್ನ ಕಾನ್ವೆಂಟಿನ ಮರಾಠಿಗೂ ಅವರ ಅರ್ಧಂಬರ್ಧ ಕನ್ನಡಕ್ಕೂ ಸರಿಹೋಯಿತು. ಮಗಳು ಒಳಗೆ ಮಜ್ಜಿಗೆ ತರಲು ಹೋದಾಗ ಕೇಳಿದರು, "ತುಮಿ ಭೀ ಆ ಹೊಸಾ ಹೆಸರಲೇ ಕರೀತೀರಿ?"

"ಇಲ್ರಿ. ತಂಗಿ ಅಂತೀನಿ."

ಅವರು ಹಿಟ್ಟಿನ ಕೈಯನ್ನೇ ನನ್ನ ಮೊಣಕೈ ಮೇಲಿಟ್ಟರು. "ಬರಂ. ತೇ ಬರಂ." ಒಳ್ಳೇದು, ಅದು ಒಳ್ಳೇದು. ಮಗಳ ಹೊಸ ಹೆಸರು ಅವರ ಬಾಯಿಂದ ನಾನು ಒಮ್ಮೆಯೂ ಕೇಳಲಿಲ್ಲ.

'ಕಟ್ಟಿ'ಯ ಮೇಲೆ ಜನ ಕೂಡಿದರು. ಹೊಸದಾಗಿ ಜಾಗ ಮಾಡಿಕೊಡುವಾಗ ತಂಗಿ ಪ್ರತಿಯೊಬ್ಬಳನ್ನೂ ಕೇಳುತ್ತಿದ್ದಳು, "ಯಾವ ಹೆಸರು ಹಾಕಲ್ರಿ?" ಹೆಂಗಸರಿಗೆ ಆ ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಮಾವಶಿ ತನ್ನ ಹುರುಳಿ ಸಾರಿನ ಪಾಕವನ್ನು ಬಾಯಲ್ಲಿ ಹೇಳಿ ಬರೆಸಲು ಬಂದವಳು, "ಯಾವ ಹೆಸರಂದ್ರ? ನಮ್ಮ ಮನ್ಯಾವರ ಹೆಸರು ಹಾಕು. ನನ್ನ ಹೆಸರು ಓಣ್ಯಾಗ ಯಾರಿಗೆ ಗೊತ್ತೈತಿ?" ಎಂದಿದ್ದಳು. ಹಾಗಾಗಿ ಆ ಹುರುಳಿ ಸಾರು ಇಂದಿಗೂ ಒಬ್ಬ ಗಂಡಸಿನ ಹೆಸರಿನಲ್ಲಿದೆ. ಕಾಕೂಗೆ ಮಾತ್ರ ಆ ಪ್ರಶ್ನೆ ತಿಳಿಯಿತು. "ನಂದೂ ಬದಲಿ ಮಾಡ್ಯಾರವ್ವಾ. ಹಳೇದು ನೆನಪೈತಿ. ಕರಿಯೋರು ಒಬ್ಬರೂ ಉಳಿದಿಲ್ಲ" ಎಂದರು. ಬರೀ ಕಾಕೂ ಎಂದೇ ಹಾಕಿಸಿದರು.

ಸೈಟಿನ ಪುಟದ ತೀರ ಕೆಳಗೆ ಒಂದು ಸಾಲು ಇರುತ್ತದೆ, ಕಟ್ಟಿದವರು ಯಾರು ಎಂದು ಹೇಳುವುದು. ತಂಗಿ ಅಲ್ಲಿ ತನ್ನ ಹಳೆಯ ಹೆಸರು ಹಾಕಿದಳು. ಅದನ್ನು ಓದಿದ ದಿನ ಕಾಕೂ ಮುಖ ಸಣ್ಣದು ಮಾಡಿಕೊಂಡರು. ಸಿಟ್ಟಿನಿಂದಲ್ಲ. "ನಮ್ಮ ಸೊಸಿ ಮಾಡ್ಯಾಳಂತ ನಾಕು ಮಂದಿ ಮುಂದ ಹೇಳೀನಿ. ಅಲ್ಲಿ ಬ್ಯಾರೆ ಯಾರದೋ ಹೆಸರಿದ್ರ ನಮ್ಮಾಕಿ ಅಂತ ಹೆಂಗ ಗೊತ್ತಾಗಬೇಕು?" ತಂಗಿ ಹಳೆಯ ಹೆಸರು ತೆಗೆದಳು. ಹೊಸದನ್ನೂ ಹಾಕಲಿಲ್ಲ. 'ಈ ಕಟ್ಟಿ ಕಟ್ಟಿದವರು' ಎಂಬ ಮಾತಿನ ಮುಂದೆ ಬಿಳಿ ಜಾಗ ಉಳಿಯಿತು. ಒಪ್ಪಿಸುವಾಗ ಬರೆದ ಸಾಲು: ಹೆಸರು ತೆಗೆದೆ. ಮನ್ಯಾಗ ಬ್ಯಾಡಂದ್ರು.

ಅವಳು ಆ ಬಗ್ಗೆ ಮತ್ತೆ ಮಾತೆತ್ತಿದ್ದು ಆಸ್ಪತ್ರೆಯಲ್ಲಿ, ಉಸಿರಾಟ ಬಹಳ ಕೆಟ್ಟ ಮೇಲೆ. ನಾನು ಗಂಜಿ ಒಯ್ದಿದ್ದೆ. ನರ್ಸು ಬಾಗಿಲಲ್ಲಿ ನಿಂತು ಹೆಸರು ಕೂಗಿದಳು, ಮತ್ತೊಮ್ಮೆ ಕೂಗಿದಳು. ತಂಗಿ ಪಕ್ಕದ ಮಂಚದ ಕಡೆ ನೋಡುತ್ತಿದ್ದಳು. "ಆಕೀನ್ನ ಕರೀತಾರ ಅಂತ ತಿಳಕೊಂಡೆ ರೀ ವೈನಿ" ಎಂದು ಆಮೇಲೆ ನಗಲು ನೋಡಿದಳು. ನಗುವಿಗೂ ಉಸಿರು ಬೇಕಲ್ಲ. ಸ್ವಲ್ಪ ಸುಧಾರಿಸಿಕೊಂಡು ಹೇಳಿದಳು:

"ಶನಿವಾರದ ಕೆಲಸ ಬಿಡಬ್ಯಾಡ್ರಿ. ಮಂದೀನ್ನ ಕಾಯೂದು."

"ನೀನ ಬಂದು ಮಾಡೀಯಂತ."

"ವೈನಿ, ಆ ಕೆಳಗಿನ ಸಾಲಾಗ ನಂದು ಹಾಕ್ರಿ. ನಾ ಇರೂತನಕ ಬ್ಯಾಡ. ಕಾಕೂಗ ಬ್ಯಾಸರ ಆಗತೈತಿ. ಆಮ್ಯಾಲೆ." ನನ್ನ ಸೀರೆಯ ಸೆರಗನ್ನು ಎರಡು ಬೆರಳಿನಲ್ಲಿ ತಟ್ಟಿದಳು, ಕಂಪ್ಯೂಟರನ್ನು ಎಬ್ಬಿಸುತ್ತಿದ್ದ ಹಾಗೆ. "ಒಂದ ಕಡೆ ಇರಲಿ. ಯಾರಾರ ನನ್ನ ಹುಡುಕಿಕೊಂಡು ಬಂದ್ರ ಸಿಗಬೇಕಲ್ರಿ."

ನಾನು ಹೂಂ ಎಂದೆ. ಗಂಜಿ ಆರಿತ್ತು.

ನೀರಿನ ಸರದಿಯ ಆ ದಿನ ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದಾಗ ಬಿಸಿಲೇರಿತ್ತು. ಮುತ್ತೈದೆಯಾಗಿ ಹೋದವಳೆಂದು ಹಸಿರು ಬಳೆ ತೊಡಿಸಿದರು, ಹಸಿರು ಸೀರೆ ಉಡಿಸಿದರು. ಹಿರಿಯ ಹೆಂಗಸರು ಉಡಿ ತುಂಬಿದರು. ಒಂದೊಂದು ಬೊಗಸೆ ಅಕ್ಕಿ ಬೀಳುವಾಗಲೂ ನನಗೆ ಆ ತಾಟು ನೆನಪಾಗುತ್ತಿತ್ತು. ಅವಳ ಗಂಡನ ಅಣ್ಣ ಪತ್ರಿಕೆಗೆ ನಿಧನದ ಸುದ್ದಿ ಕೊಡಲು ನಾಲ್ಕು ಸಾಲು ಬರೆದುಕೊಡಿರೆಂದು ನನ್ನ ಬಳಿ ಬಂದರು. ತವರಿನ ಹೆಸರೂ ಇರಲಿ ಎಂದೆ. "ಅದು ಯಾರಿಗೆ ತಿಳೀತೈತ್ರಿ?" ಎಂದರು. ತಪ್ಪು ಮಾತಲ್ಲ. ಓಣಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

ಖಾನಾಪುರದಿಂದ ಅವ್ವ ಬಂದರು. ಓಣಿಯ ತುದಿಯಲ್ಲಿ ರಿಕ್ಷಾ ನಿಂತದ್ದು ಕಂಡಿತು. ಅಲ್ಲಿಂದಲೇ ಮಗಳ ಹೆಸರು ಹಿಡಿದು ಕರೆಯುತ್ತ ಬಂದರು. ಅಳು ಆಮೇಲೆ, ಮೊದಲು ಬರೀ ಕರೆಯುವುದು, ಹೊರಗೆ ಆಡಲು ಹೋದ ಹುಡುಗಿಯನ್ನು ಊಟಕ್ಕೆ ಕರೆಯುವ ಹಾಗೆ. ಹೊಸ್ತಿಲಲ್ಲಿ ಕುಸಿದು, ಅವಳ ಕೆನ್ನೆ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು ಮತ್ತೆ ಅದೇ ಹೆಸರು, ಮತ್ತೆ, ಮತ್ತೆ. ಕರೆದರೆ ಮುಗಿಯುವ ಮೊದಲೇ ತಿರುಗುತ್ತಿದ್ದ ಹುಡುಗಿ. ಸುತ್ತ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. 

ಗಂಡಸರು ಎತ್ತಿಕೊಂಡು ಹೋದ ಮೇಲೆ ಕಾಕೂ ಅಂಗಳಕ್ಕೆ ನೀರು ಹಾಕುತ್ತಿದ್ದವರು ತಂಬಿಗೆ ಕೆಳಗಿಟ್ಟು ನನ್ನ ಬಳಿ ಬಂದರು.

"ಆ ಕೆಳಗಿನ ಸಾಲಿಗೆ ನಾ ಮುಖ ಉಬ್ಬಿಸಿದ್ದೆ."

"ಇರಲಿ ಬಿಡ್ರಿ ಕಾಕೂ."

"ಹಾಕಿಬಿಡವ್ವಾ. ಆಕೀದ ಆಕೀದು ಹಾಕು. ಅವ್ವ ಕರದಿದ್ದು ಕೇಳಿದಿಲ್ಲೋ?"

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಒದ್ದೆ ಕೂದಲಲ್ಲೇ ಕಂಪ್ಯೂಟರಿನ ಮುಂದೆ ಕುಳಿತೆ. ಹೊದಿಕೆ ತೆಗೆದೆ. ಅದರ ತಲೆಯ ಮೇಲೆ ಎರಡು ಬೆರಳಲ್ಲಿ ತಟ್ಟಿದೆ. ಅವಳು ಕಲಿಸಿದ ಹಾಗೆ ಹಿಂದಿನ ಬದಲಾವಣೆಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಪ್ರತಿ ಸಾಲಿನ ಬಾಜೂ ಅವಳ ಹೆಸರು, ಅವಳದೇ ಹೆಸರು, ಪುಟ ಪುಟ. ಮದುವೆ ಪೆಂಡಾಲ್. ಕಾಕೂಗ ಕನ್ನಡಕ ಇಲ್ಲ. ವಹಿನಿ ಖೂಪ್ ಹಸಲ್ಯಾ. ಮನ್ಯಾಗ ಬ್ಯಾಡಂದ್ರು. ಅದರ ಹಿಂದಿನದರಲ್ಲಿ ನನಗೆ ಬೇಕಾದ ಸಾಲು ಹಾಗೇ ಇತ್ತು. ಹೊಸದಾಗಿ ಬರೆಯಬೇಕಾಗಲಿಲ್ಲ. ಕರೆದೆ, ಬಂತು.

ಒಪ್ಪಿಸುವಾಗ ಅದು ಕೇಳಿತು: ಏನು ಮಾಡಿದಿರಿ. ಖಾಲಿ ಬಿಡಬ್ಯಾಡ್ರಿ ಎಂದಿದ್ದಳು. ಹೆಸರು ಮತ್ತೆ ಹಾಕಿದೆ ಎಂದು ಬರೆದೆ. ಯಾಕೆ ಎಂಬುದೂ ಬೇಕಿತ್ತು. ಅವ್ವ ಕರದ್ರು, ಎಂದು ಬರೆದೆ. ಆಮೇಲೆ ಫೋನಿನ ತಂತಿ ಕಿತ್ತು ಇಂಟರ್ನೆಟ್ ಹಚ್ಚಿದೆ. ಮೋಡೆಮ್ಮು ಕಿರುಚಿ, ಗೊರಗುಟ್ಟಿ, ಸುಮ್ಮನಾಯಿತು. 'ಈ ಕಟ್ಟಿ ಕಟ್ಟಿದವರು' ಎಂಬ ಮಾತಿನ ಮುಂದೆ ಅವಳ ಹೆಸರು ಬಂದು ಕುಳಿತುಕೊಂಡಿತು. ಯಾರಾದರೂ ಹುಡುಕಿಕೊಂಡು ಬಂದರೆ ಇನ್ನು ಸಿಗುತ್ತಾಳೆ ಅಂದುಕೊಂಡೆ. ಆಗ ಅತ್ತೆ.

ಸಂಜೆ ಒಣಗಿದ ಬಟ್ಟೆ ತೆಗೆಯಲು ಮಾಳಿಗೆ ಹತ್ತಿದೆ. ಬಾಜೂ ಮನೆಯ ತಂತಿಯ ಮೇಲೆ ಏನೂ ಇರಲಿಲ್ಲ, ಚಿಮಟಿಗೆಗಳು ಮಾತ್ರ ಸಾಲಾಗಿ ಕುಳಿತಿದ್ದವು. ಎದುರು ಮಾಳಿಗೆಯಲ್ಲಿ ಮಾವಶಿ ಸಂಡಿಗೆ ತೆಗೆದು ಬುಟ್ಟಿಗೆ ತುಂಬುತ್ತಿದ್ದಳು. ನನ್ನನ್ನು ನೋಡಿ, ಮುರಿದ ಸಂಡಿಗೆಯೊಂದನ್ನು ಬಾಯಿಗೆ ಹಾಕಿಕೊಂಡು ಕೇಳಿದಳು:

"ಅಲ್ಲ ವೈನಿ, ಮುಂಜಾನೆ ಆಕಿ ಅವ್ವ ಯಾರ ಹೆಸರು ಹಿಡದು ಅಳಾಕತ್ತಿದ್ಲು? ಇನ್ನೊಬ್ಬಾಕಿ ಮಗಳನ್ನೂ ಕಳಕೊಂಡಾಳೇನ, ಪಾಪ?"